ನಡುವಿನ ಕಪ್ಪು ಚುಕ್ಕೆ

ಪ್ರಯೋಗಾಲಯದ ಸೋಡಿಯಂ ದೀಪ ಹಚ್ಚಿದ ಕೂಡಲೇ ಹಳದಿಯಾಗುವುದಿಲ್ಲ. ಮೊದಲು ಒಳಗಿನ ನಿಯಾನ್ ಕೆಂಪಗೆ ಹೊಳೆಯುತ್ತದೆ. ಸೋಡಿಯಂ ಕಾದು ಆವಿಯಾಗಲು ಕೆಲವು ನಿಮಿಷ ಬೇಕು. ಬಿ.ಎಸ್ಸಿ. ಓದುವಾಗ ಆ ಬಿಡುವಿನಲ್ಲಿ ನಾವು ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ತೆರೆದು ಅವರ ರೀಡಿಂಗ್‌ಗಳನ್ನು ನೋಡಿಕೊಳ್ಳುತ್ತಿದ್ದೆವು. ಆ ಹಳದಿ ಬೆಳಕಿನ ತರಂಗಾಂತರ 5893 ಆಂಗ್‌ಸ್ಟ್ರಾಂ ಬರಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಬಾರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತಿದ್ದುತ್ತಿದ್ದೆವು. ನ್ಯೂಟನ್ನನ ಉಂಗುರಗಳ ಪ್ರಯೋಗದಲ್ಲಿ ನಾನು ಪೂರ್ಣ ಅಂಕ ಪಡೆದದ್ದು ಹಾಗೆ. ಪ್ರಯೋಗ ಎಷ್ಟು ಸುಂದರವಾದದ್ದೆಂದು ತಿಳಿದದ್ದು ಪಾಠ ಮಾಡಲು ನಿಂತ ಮೇಲೆ.

ಸಮತಲದ ಗಾಜಿನ ಮೇಲೆ ಮಸೂರವನ್ನು ಉಬ್ಬು ಕೆಳಗಾಗುವಂತೆ ಇಟ್ಟರೆ ನಡುವೆ ತೆಳುವಾದ ಗಾಳಿಯ ಪದರ ಉಳಿಯುತ್ತದೆ. ಪದರದ ಮೇಲಂಚಿನಿಂದಲೂ ಕೆಳಅಂಚಿನಿಂದಲೂ ಪ್ರತಿಫಲಿಸುವ ಅಲೆಗಳು ಕೂಡಿದಲ್ಲಿ ಬೆಳಕಿನ, ಕಳೆದಲ್ಲಿ ಕಪ್ಪು ಉಂಗುರಗಳು ಮೂಡುತ್ತವೆ. ಮಸೂರದ ವಕ್ರತಾ ತ್ರಿಜ್ಯ ಒಂದು ಮೀಟರ್ ಇದ್ದರೆ ಮೊದಲ ಕಪ್ಪು ಉಂಗುರದ ವ್ಯಾಸ ಸುಮಾರು 1.5 ಮಿಲಿಮೀಟರ್. ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಆರು ಪಾಲಿನಷ್ಟೂ ಇಲ್ಲದ ಅಲೆ ಬರಿಗಣ್ಣಿಗೆ ಕಾಣುವ ಉಂಗುರವಾಗಿ ಬಿಡಿಸಿಕೊಳ್ಳುತ್ತದೆ. ಅಳೆಯುವ ಕ್ರಮವೂ ಜಾಣತನದ್ದು. ಮಸೂರದ ಕೆಳಗೆ ಧೂಳಿನ ಕಣ ಸಿಕ್ಕಿಕೊಂಡು ಗಾಜು ಗಾಜಿಗೆ ತಾಗದಿದ್ದರೂ, ಎರಡು ಉಂಗುರಗಳ ವ್ಯಾಸದ ವರ್ಗಗಳನ್ನು ಕಳೆದಾಗ ಆ ದೋಷ ತಾನೇ ಬಿದ್ದುಹೋಗುತ್ತದೆ. ಇಷ್ಟು ಒಳ್ಳೆಯ ಪ್ರಯೋಗವನ್ನು ನಾವು ನಡೆಸುವ ರೀತಿಯ ಬಗ್ಗೆಯೇ ನನ್ನ ತಕರಾರು.

ಗಾಜುಗಳು ತಾಗುವ ಕಡೆ ಪಥದ ವ್ಯತ್ಯಾಸ ಸೊನ್ನೆ, ಅಲೆಗಳು ಕೂಡಿ ಬೆಳಗಬೇಕು. ಆದರೆ ಅಲ್ಲಿ ಕಪ್ಪು ಚುಕ್ಕೆ! ಇಡೀ ಪ್ರಯೋಗದ ಅಚ್ಚರಿ ಇದು. ನಮ್ಮ ಕೈಪಿಡಿಗಳಲ್ಲಿ ಇದಕ್ಕೆ ಸಿಗುವುದು ವೈವಾಕ್ಕೆಂದು ಬಾಯಿಪಾಠ ಮಾಡುವ ಒಂದು ಸಾಲು: ಸಾಂದ್ರ ಮಾಧ್ಯಮದ ಮೇಲೆ ಪ್ರತಿಫಲಿಸುವಾಗ ಅರ್ಧ ಅಲೆಯಷ್ಟು ತಿರುವು. ಥಾಮಸ್ ಯಂಗ್ ಇದನ್ನು ಬಾಯಿಮಾತಿಗೆ ಬಿಡಲಿಲ್ಲ. ಕ್ರೌನ್ ಗಾಜು, ಫ್ಲಿಂಟ್ ಗಾಜುಗಳ ನಡುವೆ ಸಸಾಫ್ರಾಸ್ ಎಣ್ಣೆ ತುಂಬಿದ. ಎಣ್ಣೆಯ ವಕ್ರೀಭವನಾಂಕ ಎರಡು ಗಾಜುಗಳ ನಡುವಿನದು, ಹಾಗಾಗಿ ಎರಡೂ ಪ್ರತಿಫಲನಗಳಲ್ಲಿ ತಿರುವು ಸಮ. ನಡುವಿನ ಚುಕ್ಕೆ ಬೆಳ್ಳಗಾಯಿತು.

ಇನ್ನೊಂದು ಮಾತೂ ವಿದ್ಯಾರ್ಥಿಯ ಕಿವಿಗೆ ಬೀಳುವುದಿಲ್ಲ. ಬೆಳಕು ಕಣಗಳೆಂಬ ಪಕ್ಷದ ನ್ಯೂಟನ್ನನೇ 1704ರ ‘ಆಪ್ಟಿಕ್ಸ್’ನಲ್ಲಿ ಈ ಉಂಗುರಗಳನ್ನು ಅಳೆದು, ವ್ಯಾಸದ ವರ್ಗಗಳು ಬೆಳಕಿನವಕ್ಕೆ 1, 3, 5 ಎಂದೂ ಕತ್ತಲಿನವಕ್ಕೆ 2, 4, 6 ಎಂದೂ ಏರುವುದನ್ನು ಕಂಡಿದ್ದ. ಸುಮಾರು ನೂರು ವರ್ಷಗಳ ಮೇಲೆ ಯಂಗ್ ಅದೇ ಅಳತೆಗಳಿಂದ ಬಣ್ಣಬಣ್ಣದ ಬೆಳಕಿನ ತರಂಗಾಂತರ ತೆಗೆದ. ಸಿದ್ಧಾಂತ ಬಿದ್ದರೂ ಅಳತೆ ನಿಂತಿತು. ಪ್ರಾಮಾಣಿಕ ರೀಡಿಂಗ್‌ಗೆ ಎಷ್ಟು ಬೆಲೆಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ. ಅದೇ ಮೇಜಿನ ಮೇಲೆ ನಾವು ರೀಡಿಂಗ್ ತಿದ್ದುವುದನ್ನು ಕಲಿಸುತ್ತಿದ್ದೇವೆ.

5893 ಎಂಬುದೂ ನಿಜವಾದ ಒಂದು ಗೆರೆಯಲ್ಲ. 5890, 5896 ಎಂಬ ಎರಡು ಗೆರೆಗಳ ಸರಾಸರಿ. 1862ರಲ್ಲಿ ಭೌತವಿಜ್ಞಾನಿ ಫಿಜೋ ಸೋಡಿಯಂ ಬೆಳಕಿನಲ್ಲಿ ಮಸೂರವನ್ನು ಮೆಲ್ಲಗೆ ಮೇಲೆತ್ತುತ್ತ ಹೋದ. ಸುಮಾರು 490 ಉಂಗುರಗಳು ದಾಟುವಷ್ಟರಲ್ಲಿ ಒಂದು ಗೆರೆಯ ಬೆಳಕು ಇನ್ನೊಂದರ ಕತ್ತಲಿನ ಮೇಲೆ ಬಿದ್ದು ಎಲ್ಲ ಅಳಿಸಿಹೋಯಿತು. ಸುಮಾರು 980ರ ಹತ್ತಿರ ಉಂಗುರಗಳು ಮತ್ತೆ ಮೂಡಿದವು. ಈ ಜೋಡಿಗೆರೆಯ ಕಾರಣ ಎಲೆಕ್ಟ್ರಾನಿನ ಸ್ಪಿನ್. ಆ ಕಲ್ಪನೆಯನ್ನು ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಮುಂದಿಟ್ಟದ್ದು 1925ರಲ್ಲಿ. ಪಠ್ಯಕ್ರಮದಲ್ಲಿ ಅಲೆಗಳು, ದ್ಯುತಿಶಾಸ್ತ್ರ, ಆಧುನಿಕ ಭೌತಶಾಸ್ತ್ರ ಬೇರೆಬೇರೆ ಘಟಕಗಳು. ಒಂದು ಹಳದಿ ದೀಪದಲ್ಲಿ ಮೂರೂ ಒಟ್ಟಿಗಿವೆ. ಸರಾಸರಿಯನ್ನು ಉತ್ತರವೆಂದು ಬರೆಸಿದ ಕ್ಷಣವೇ ಮೂರನೆಯದರ ಬಾಗಿಲು ಮುಚ್ಚುತ್ತದೆ.

ತರಗತಿ ದೊಡ್ಡದು, ಮೈಕ್ರೋಸ್ಕೋಪ್ ಕಡಿಮೆ, ಸಮಯವೂ ಅಷ್ಟೇ. ಅಧ್ಯಾಪಕರ ಈ ಕಷ್ಟ ಸುಳ್ಳಲ್ಲ. ಆದರೆ ಬಂದ ಉತ್ತರವನ್ನು ಬಂದಂತೆ ಬರೆದವನಿಗೆ ಅಂಕ ಕೊಡಲು ಹೊಸ ಉಪಕರಣ ಬೇಡ. ಮಸೂರವನ್ನು ನವಿರಾಗಿ ಎತ್ತುವ ತಿರುಪೊಂದು ಇದ್ದರೆ ಫಿಜೋ ಕಂಡದ್ದನ್ನೂ ತೋರಿಸಬಹುದು. ಎತ್ತಬೇಕಾದದ್ದು ಕೇವಲ 0.145 ಮಿಲಿಮೀಟರ್, ಒಂದೂವರೆ ಹಾಳೆಯ ದಪ್ಪ. ಅಷ್ಟರಲ್ಲಿ ಉಂಗುರಗಳು ಒಂದೊಂದಾಗಿ ಒಳಕ್ಕೆ ಸರಿದು ನಡುವಿನ ಚುಕ್ಕೆಯೊಳಗೆ ಇಳಿಯುತ್ತ ಹೋಗುತ್ತವೆ.