ಬ್ಲೇಲಾಕರ ಸಂಶೋಧನೆ: ಒಂದು ವಿಮರ್ಶೆ

ವಿದ್ವಾಂಸನ ಪ್ರಭಾವವನ್ನು ಆತನ ಪ್ರಬಂಧಗಳಿಂದಲೇ ಅಳೆಯುವುದು ವಾಡಿಕೆ. ಅಮೆರಿಕದ ಶಸ್ತ್ರವೈದ್ಯ ಆಲ್‌ಫ್ರೆಡ್ ಬ್ಲೇಲಾಕರ ವಿಷಯದಲ್ಲಿ ಈ ಅಳತೆಗೋಲು ಸಾಲದೆಂಬುದು ನಮ್ಮ ಅಭಿಪ್ರಾಯ. ಗಾಯಾಳುಗಳ ಆಘಾತಸ್ಥಿತಿಗೆ ರಕ್ತ ಹಾಗೂ ದ್ರವಗಳ ನಷ್ಟವೇ ಮುಖ್ಯ ಕಾರಣವೆಂಬುದನ್ನು ಅವರು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಗಳಿಂದ ತೋರಿಸಿದರು. 1944ರ ನವೆಂಬರ್ 29ರಂದು, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ, ಹುಟ್ಟು ಹೃದಯದೋಷದಿಂದ ನೀಲಿಗಟ್ಟಿದ್ದ ಮಗುವೊಂದರ ತೋಳಿನ ಕಡೆಯ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಜೋಡಿಸಿದರು. ಇದನ್ನು ವಿವರಿಸಿದ 1945ರ ಪ್ರಬಂಧವು ಬ್ಲೇಲಾಕ್ ಮತ್ತು ಮಕ್ಕಳ ಹೃದ್ರೋಗತಜ್ಞೆ ಹೆಲೆನ್ ಟಾಸಿಗ್ ಇಬ್ಬರ ಹೆಸರನ್ನು ಮಾತ್ರ ಹೊತ್ತಿತು. ನಾಯಿಗಳ ಮೇಲಿನ ಪ್ರಯೋಗಗಳಿಂದ ವಿಧಾನವನ್ನು ರೂಪಿಸಿ, ಶಸ್ತ್ರಕ್ರಿಯೆಯ ವೇಳೆ ಬ್ಲೇಲಾಕರ ಬೆನ್ನ ಹಿಂದೆ ನಿಂತು ಸಲಹೆಯಿತ್ತ, ಆಫ್ರಿಕನ್ ಮೂಲದ ಪ್ರಯೋಗಾಲಯ ಸಹಾಯಕ ವಿವಿಯನ್ ಥಾಮಸರ ಹೆಸರು ಅಲ್ಲಿಲ್ಲ. ಬ್ಲೇಲಾಕರು 1964ರಲ್ಲಿ ತೀರಿಕೊಂಡರು. ಥಾಮಸರಿಗೆ ಗೌರವ ಡಾಕ್ಟರೇಟು ದೊರೆತದ್ದು 1976ರಲ್ಲಿ. ಬ್ಲೇಲಾಕರ ಕೀರ್ತಿ ಇದರಿಂದ ಕುಂದದು; ಆದರೆ ಅದರಲ್ಲಿ ಪಾಲುಂಟೆಂಬುದನ್ನು ಇತಿಹಾಸಕಾರರಾದ ನಾವು ಮರೆಯಲಾಗದು.