ಯಂತ್ರಕ್ಕೂ ಪರದೆಗೂ ನಡುವಿನ ಶಾನುಭೋಗ

ಬೆಂಗಳೂರಿನವರಿಗೆ ಎಚ್‌ಎಎಲ್ ಎಂದರೆ ವಿಮಾನ ಕಾರ್ಖಾನೆ. ಸಿನಿಮಾ ಹುಚ್ಚಿರುವವರಿಗೆ ಕುಬ್ರಿಕ್‌ನ 1968ರ ಚಿತ್ರದಲ್ಲಿ ಗಗನಯಾತ್ರಿಗಳ ಮೇಲೆಯೇ ತಿರುಗಿಬೀಳುವ ಕಂಪ್ಯೂಟರ್. ನಾನು ಬರೆಯಹೊರಟಿರುವುದು ಇವೆರಡೂ ಅಲ್ಲದ, ಈಗ ಬಹುಮಟ್ಟಿಗೆ ಮರೆತುಹೋಗಿರುವ ಇನ್ನೊಂದು ಹ್ಯಾಲ್ ಬಗ್ಗೆ: ಹಾರ್ಡ್‌ವೇರ್ ಆಬ್‌ಸ್ಟ್ರಾಕ್ಷನ್ ಲೇಯರ್. ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಯಾವ ಸಾಧನ ಬಂದು ಸೇರಿತು, ಯಾವುದು ಹೋಯಿತು ಎಂದು ಪತ್ತೆಹಚ್ಚಿ ಉಳಿದ ತಂತ್ರಾಂಶಗಳಿಗೆ ತಿಳಿಸುತ್ತಿದ್ದ ತಂತ್ರಾಂಶ ಅದು. ಸಾಹಿತ್ಯದ ಪತ್ರಿಕೆಯಲ್ಲಿ ಇದರ ಮಾತೇಕೆ ಎಂದು ಕೇಳಬಹುದು. ತಂತ್ರಾಂಶವೂ ಮನುಷ್ಯರು ಬರೆದದ್ದೇ. ಬರೆದದ್ದನ್ನು ಹಿಂತೆಗೆದುಕೊಳ್ಳುವ ರೀತಿಯಲ್ಲೂ ಒಂದು ನಿಲುವು ಇರುತ್ತದೆ, ನಿಲುವಿದ್ದಲ್ಲಿ ವಿಮರ್ಶೆಗೆ ಜಾಗವಿರುತ್ತದೆ.

2003ರ ಸುಮಾರಿಗೆ ಲಿನಕ್ಸಿನಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಪರದೆಯ ಮೇಲೆ ತಾನಾಗಿ ಏನೂ ಕಾಣಿಸಿಕೊಳ್ಳದಿರುವುದೇ ಸಾಮಾನ್ಯವಾಗಿತ್ತು. ಅಧಿಕಾರವಿದ್ದ ಬಳಕೆದಾರ ‘ಮೌಂಟ್’ ಎಂದು ಆಜ್ಞೆ ಬರೆಯಬೇಕು. ಆ ವರ್ಷ ಹ್ಯಾವಕ್ ಪೆನ್ನಿಂಗ್ಟನ್, ಯಂತ್ರಭಾಗಗಳು ಸುಮ್ಮನೆ ಕೆಲಸ ಮಾಡುವಂತಾಗಬೇಕು ಎಂಬ ಆಶಯದ ಒಂದು ಬರಹ ಪ್ರಕಟಿಸಿದರು. ಡೇವಿಡ್ ಝೂತೆನ್ ಅದಕ್ಕೆ ರೂಪ ಕೊಟ್ಟರು. ಹ್ಯಾಲ್ ಹಿನ್ನೆಲೆಯಲ್ಲಿ ಕೂತು ಪ್ರತಿ ಸಾಧನಕ್ಕೂ ಒಂದು ಗುರುತು, ಗುಣಗಳ ಪಟ್ಟಿ ಬರೆದಿಟ್ಟುಕೊಳ್ಳುತ್ತಿತ್ತು. ಬದಲಾವಣೆಯಾದಾಗ ಡಿ-ಬಸ್ ಮೂಲಕ ಡಂಗುರ ಸಾರುತ್ತಿತ್ತು. ನಮ್ಮ ಹಳ್ಳಿಗಳ ಹಿಂದಿನ ಶಾನುಭೋಗರನ್ನು ನೆನೆಯಿರಿ. ಹೊಲ ಯಾರದು, ಕಂದಾಯ ಎಷ್ಟು, ಎಲ್ಲವೂ ಅವರ ಕಡತದಲ್ಲಿ. ಏನು ತಿಳಿಯಬೇಕಾದರೂ ಅವರ ಜಗುಲಿ ಹತ್ತಬೇಕು.

ಹ್ಯಾಲ್‌ನ ಬಲವೂ ಅದೇ, ರೋಗವೂ ಅದೇ. ಡಿಸ್ಕು, ಬ್ಯಾಟರಿ, ಕ್ಯಾಮೆರಾ, ಕೀಲಿಮಣೆ ಎಲ್ಲವೂ ಒಂದೇ ಕಡತಕ್ಕೆ ಸೇರುತ್ತ ಹೋದವು. ಸಿಡಿ ಹಾಕಿದ್ದಾರೆಯೇ ಎಂದು ನೋಡಲು ಅದು ಕೆಲವೇ ಸೆಕೆಂಡುಗಳಿಗೊಮ್ಮೆ ಡ್ರೈವ್‌ನ ಬಾಗಿಲು ತಟ್ಟುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಉಳಿಸಲು ಹೆಣಗುತ್ತಿದ್ದವರಿಗೆ ಇದೊಂದು ತಲೆನೋವು. ಅಷ್ಟರಲ್ಲಿ ಲಿನಕ್ಸ್ ಕರ್ನಲ್ಲಿಗೆ ಹತ್ತಿರದ ಯುಡೆವ್ ಬೆಳೆದು ನಿಂತಿತ್ತು. ಹ್ಯಾಲ್ ಹೇಳುತ್ತಿದ್ದ ಬಹಳಷ್ಟು ಸಂಗತಿ ಅಲ್ಲೇ ಸಿಗುತ್ತಿತ್ತು.

2008ರಲ್ಲಿ ಸ್ವತಃ ಝೂತೆನ್ ಅವರೇ ಹ್ಯಾಲ್ ಬಿಟ್ಟು ಡಿವೈಸ್‌ಕಿಟ್ ಎಂಬ ಹೊಸದಕ್ಕೆ ಹೋಗುವ ಪ್ರಸ್ತಾಪ ಇಟ್ಟರು. ತನ್ನ ಕೃತಿ ಸಾಕು ಎಂದು ತಾನೇ ಹೇಳುವ ಲೇಖಕ ಅಪರೂಪ. ಆ ಧೈರ್ಯ ಮೆಚ್ಚಬೇಕಾದ್ದು. ಆದರೆ ಉತ್ತರಾಧಿಕಾರಿ ಎಂದು ತೋರಿಸಿದ ಡಿವೈಸ್‌ಕಿಟ್ ಕೂಡ ಆ ಹೆಸರಿನಲ್ಲಿ ಬಾಳಲಿಲ್ಲ. ಅದರ ತುಂಡುಗಳು ಯುಡಿಸ್ಕ್ಸ್, ಯುಪವರ್ ಎಂದು ಬೇರೆಬೇರೆಯಾದವು. ಒಬ್ಬ ಶಾನುಭೋಗರ ಜಾಗದಲ್ಲಿ ಹಲವು ಗುಮಾಸ್ತರು. ಹೊಸ ವ್ಯವಸ್ಥೆ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ತಕರಾರಿರುವುದು ನಡುವಿನ ವರ್ಷಗಳ ಬಗ್ಗೆ.

ಕೀಲಿಮಣೆಯನ್ನೇ ನೋಡಿ. 2007ರ ಎಕ್ಸ್ ಸರ್ವರ್ 1.4, ಸಾಧನಗಳನ್ನು ಹ್ಯಾಲ್ ಮೂಲಕ ಗುರುತಿಸುವ ದಾರಿ ತೆರೆಯಿತು. ಹಳೆಯ ಕಡತದಲ್ಲಿ ಸರಳವಾಗಿ ಬರೆದಿಟ್ಟ ಕೀಲಿಮಣೆಯ ವಿನ್ಯಾಸ ಹ್ಯಾಲ್‌ನ ಎಕ್ಸ್‌ಎಂಎಲ್ ಕಡತಕ್ಕೆ ಹೋಗಬೇಕಾಯಿತು. 2010ರ ಏಪ್ರಿಲಿನಲ್ಲಿ ಬಂದ 1.8 ಯುಡೆವ್ ಕಡೆ ತಿರುಗಿತು. ಮತ್ತೆ ಬೇರೆ ಜಾಗ, ಬೇರೆ ಬರವಣಿಗೆ. ಇಂಗ್ಲಿಷಿನ ಜೊತೆ ಕನ್ನಡ ವಿನ್ಯಾಸವನ್ನೂ ಆ ಮಟ್ಟದಲ್ಲಿ ಬರೆದಿಟ್ಟುಕೊಂಡವರಿದ್ದರೆ, ಮೂರು ವರ್ಷದೊಳಗೆ ಒಂದೇ ಮಾತನ್ನು ಮೂರು ವ್ಯಾಕರಣಗಳಲ್ಲಿ ಹೇಳಬೇಕಾಗಿತ್ತು. ಅಧಿಕೃತ ಪ್ರಕಟಣೆಗಳಲ್ಲಿ ಇದು ‘ಸ್ಥಿತ್ಯಂತರ’; ಅನುಭವಿಸಿದವರಿಗೆ ಒಂದು ರಾತ್ರಿಯ ನಿದ್ದೆ.

ಕೆಡಿಇ ಈ ವಿಷಯದಲ್ಲಿ ಜಾಣತನ ತೋರಿತು. 2008ರ ಜನವರಿಯ ಕೆಡಿಇ 4.0ರಲ್ಲಿ ಸಾಲಿಡ್ ಎಂಬ ಪದರವಿತ್ತು. ಅನ್ವಯಗಳು ಸಾಲಿಡ್‌ನ್ನು ಕೇಳುತ್ತಿದ್ದವು, ಸಾಲಿಡ್ ಒಳಗೊಳಗೆ ಹ್ಯಾಲ್‌ನ್ನು. 2011ರ ಜನವರಿಯ 4.6ರ ಹೊತ್ತಿಗೆ ಸಾಲಿಡ್ ತನ್ನ ಹಿಂದಿದ್ದವರನ್ನು ಬದಲಿಸಿಕೊಂಡಿತ್ತು. ಮುಂದಿದ್ದ ಅನ್ವಯಗಳನ್ನು ಅದಕ್ಕಾಗಿ ತಿರುಗಿ ಬರೆಯಬೇಕಾಗಲಿಲ್ಲ. ಒಳ್ಳೆಯ ಅನುವಾದಕರು ಹೊಸ ಮೂಲಪಾಠ ಸಿಕ್ಕಾಗ ಓದುಗರನ್ನು ಗಾಬರಿಗೊಳಿಸದೆ ಪರಿಷ್ಕರಿಸುತ್ತಾರಲ್ಲ, ಹಾಗೆ.

ಇದಕ್ಕಿಂತ ಗಂಭೀರವಾದ ನಷ್ಟ ಇನ್ನೊಂದಿದೆ. ಹ್ಯಾಲ್ ಲಿನಕ್ಸಿಗಷ್ಟೇ ಸೇರಿದ್ದಲ್ಲ. ಫ್ರೀಬಿಎಸ್‌ಡಿ, ಸೊಲಾರಿಸ್‌ಗಳಲ್ಲೂ ಓಡುತ್ತಿತ್ತು. ಯುಡೆವ್ ಲಿನಕ್ಸಿನದೇ. ‘ಮುಕ್ತ ಡೆಸ್ಕ್‌ಟಾಪ್’ ಎಂಬ ದೊಡ್ಡ ಹೆಸರಿನ ಒಳಗಿನ ‘ನಾವು’ ಇಲ್ಲಿ ಸದ್ದಿಲ್ಲದೆ ಚಿಕ್ಕದಾಯಿತು. ಲಿನಕ್ಸಿನವರು ಮುಂದೆ ಸಾಗಿದ ಮೇಲೂ ಫ್ರೀಬಿಎಸ್‌ಡಿಯಲ್ಲಿ ಹ್ಯಾಲ್ ವರ್ಷಗಟ್ಟಲೆ ಉಳಿದುಕೊಂಡಿತು. ಅದನ್ನು ಹಿಂದುಳಿದಿರುವಿಕೆ ಎಂದು ಹಂಗಿಸುವುದು ಸುಲಭ; ಬಿಟ್ಟುಹೋದವರು ಯಾರು ಎಂದು ಕೇಳುವುದು ಹೆಚ್ಚು ನ್ಯಾಯ.

ಇಂಥ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿ ‘ಡೆಪ್ರಿಕೇಟೆಡ್’ ಎನ್ನುತ್ತಾರೆ. ಲ್ಯಾಟಿನ್ ಮೂಲದಲ್ಲಿ ಅದು ಪ್ರಾರ್ಥಿಸಿ ಕೆಡುಕನ್ನು ದೂರವಿಡುವುದು. ಕನ್ನಡದಲ್ಲಿ ‘ರದ್ದು’ ಎಂದರೆ ಅತಿಯಾಯಿತು, ‘ನಿವೃತ್ತ’ ಎಂದರೆ ಪಿಂಚಣಿಯ ಗೌರವ ಬಂದುಬಿಡುತ್ತದೆ. ಇದೆ, ಆದರೆ ನೆಚ್ಚಬೇಡಿ ಎನ್ನುವ ಸ್ಥಿತಿ ಅದು. ಉಬುಂಟು 10.04 ಹ್ಯಾಲ್‌ನ್ನು ಬೂಟ್ ಆಗುವ ದಾರಿಯಿಂದ ತೆಗೆಯಿತು, 2011ರ ಫೆಡೋರಾ 16 ಪೂರ್ತಿ ಕೈಬಿಟ್ಟಿತು.

ಆಮೇಲೂ ಅದನ್ನು ಹುಡುಕಿಕೊಂಡು ಬರುತ್ತಿದ್ದ ಒಂದು ತಂತ್ರಾಂಶ ಅಡೋಬಿಯ ಫ್ಲ್ಯಾಶ್ ಪ್ಲೇಯರ್. ಬೀಗ ಹಾಕಿದ ವಿಡಿಯೊ ತೋರಿಸುವ ಮುನ್ನ ಅದು ಹ್ಯಾಲ್‌ನ್ನು ವಿಚಾರಿಸಿಕೊಳ್ಳುತ್ತಿತ್ತು. ಮುಕ್ತ ತಂತ್ರಾಂಶಗಳನ್ನು ಯಾರಾದರೂ ತೆರೆದು ತಿದ್ದಬಹುದಿತ್ತು, ತಿದ್ದಿದರು; ಇದನ್ನು ಮುಟ್ಟುವಂತಿರಲಿಲ್ಲ. ಹಣ ಕೊಟ್ಟ ಸಿನಿಮಾ ನೋಡಲೆಂದೇ ಜನ ಹ್ಯಾಲ್‌ನ್ನು ಮತ್ತೆ ಸ್ಥಾಪಿಸಿಕೊಂಡರು. ಕೊನೆಗೆ ಹ್ಯಾಲ್‌ನ ವೇಷದ ಒಂದು ಪುಟ್ಟ ತಂತ್ರಾಂಶವೇ ತಯಾರಾಯಿತು. ಫ್ಲ್ಯಾಶ್ ಕೇಳುವ ಪ್ರಶ್ನೆಗಳಷ್ಟೇ ಅದಕ್ಕೆ ಗೊತ್ತು. ಯುಡಿಸ್ಕ್ಸ್‌ನಿಂದ ಉತ್ತರ ತಂದು, ತೀರಿಕೊಂಡವರ ದನಿಯಲ್ಲಿ ಹೇಳುತ್ತಿತ್ತು.