ಕಬ್ಬಿಣಾಂಶ: 21 ಸರಿಯೋ, 29 ಸರಿಯೋ?

ವಯಸ್ಕ ಮಹಿಳೆಗೆ ದಿನಕ್ಕೆ ಎಷ್ಟು ಕಬ್ಬಿಣಾಂಶ ಬೇಕು? 21 ಮಿಲಿಗ್ರಾಂ ಎನ್ನುವ ಪುಸ್ತಕಗಳಿವೆ, 29 ಎನ್ನುವವೂ ಇವೆ. ಎರಡರ ಮೂಲವೂ ಒಂದೇ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನಲ್ಲಿರುವ ಅದರ ರಾಷ್ಟ್ರೀಯ ಪೋಷಣಾ ಸಂಸ್ಥೆ. ಮೊದಲನೆಯದು 2010ರ ವರದಿಯ ಅಂಕಿ, ಎರಡನೆಯದು 2020ರದು. ಇಸವಿ ನಮೂದಿಸದೆ ನಕಲು ಮಾಡಿದಾಗ ಗೊಂದಲ ಹುಟ್ಟುತ್ತದೆ.

2020ರ ವರದಿಯ ಹೆಚ್ಚುಗಾರಿಕೆಯೆಂದರೆ, ಅದು ಎರಡು ಅಳತೆಗಳನ್ನು ಬೇರೆಬೇರೆಯಾಗಿ ಕೊಡುತ್ತದೆ. ‘ಅಂದಾಜು ಸರಾಸರಿ ಅಗತ್ಯ’ 15 ಮಿಲಿಗ್ರಾಂ. ಆರೋಗ್ಯವಂತ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಇಷ್ಟು ಸಾಕು. ‘ಶಿಫಾರಸು ಪ್ರಮಾಣ’ 29 ಮಿಲಿಗ್ರಾಂ. ಇದು ಶೇಕಡ 97ಕ್ಕೂ ಹೆಚ್ಚು ಮಂದಿಯ ಅಗತ್ಯವನ್ನು ಪೂರೈಸುತ್ತದೆ. ಅಂದಮೇಲೆ 29ಕ್ಕಿಂತ ಕಡಿಮೆ ಸೇವಿಸುವವರೆಲ್ಲರಿಗೂ ಕೊರತೆಯಿದೆ ಎನ್ನಲಾಗದು. ಒಂದು ಗುಂಪಿನ ಆಹಾರ ಸಮೀಕ್ಷೆಗೆ ಮೊದಲನೆಯ ಅಳತೆಯೇ ಸೂಕ್ತ. ಒಬ್ಬರಿಗೆ ಕೊರತೆಯಿದೆಯೇ ಎಂಬುದನ್ನು ರಕ್ತಪರೀಕ್ಷೆ ಹೇಳಬೇಕು, ಪಟ್ಟಿಯಲ್ಲ.

ವರದಿಯ ಕೊರತೆಯೂ ಇಲ್ಲೇ ಇದೆ. ಈ ವ್ಯತ್ಯಾಸದ ವಿವರಣೆ ತಜ್ಞರಿಗಾಗಿ ಬರೆದ ಇಂಗ್ಲಿಷಿನಲ್ಲಿದೆ. ಶಾಲೆಗಳಿಗೆ ತಲುಪುವುದು ಬರೀ ಪಟ್ಟಿ. ಶಿಕ್ಷಕರು ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಅದರ ಪಕ್ಕದಲ್ಲೇ ಯಾವ ವರ್ಷದ್ದು, ಯಾರಿಗೆ, ಯಾವ ಅಳತೆ ಎಂಬ ಮೂರನ್ನೂ ಬರೆಯಲಿ. ಮೂಲ ಸಂಸ್ಥೆ ವಿಶ್ವಾಸಾರ್ಹವಾದರಷ್ಟೇ ಸಾಲದು, ಓದುವ ಕ್ರಮವೂ ಸರಿಯಿರಬೇಕು.